ಮೊರಿಟ್ಸ್ ಹೆನ್ಲೆ: ಪ್ರಾರ್ಥನೆಗೆ ಮನೆಮಾತಿನ ಉಚ್ಚಾರ ಮರಳಿದ ಕಥೆ

ರೆನ್ನಿಂಗೆನ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವು ಬಾಷ್ ಕಂಪನಿಯ ಸಂಶೋಧನಾ ಕೇಂದ್ರ 2015ರಲ್ಲಿ ಇಲ್ಲಿ ಆರಂಭವಾದ ಮೇಲೆ ಬಂದವು. ಪಕ್ಕದ ವೈಲ್ ಡೆರ್ ಶ್ಟಾಟ್ ಖಗೋಳ ವಿಜ್ಞಾನಿ ಕೆಪ್ಲರ್ ಹುಟ್ಟಿದ ಊರೆಂದು ನಮ್ಮ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಈ ಸ್ವಾಬಿಯಾ ಪ್ರಾಂತವೇ ಯೆಹೂದಿ ಪ್ರಾರ್ಥನಾ ಸಂಗೀತಕ್ಕೆ ಒಬ್ಬ ಮುಖ್ಯ ಗಾಯಕ-ಸಂಯೋಜಕನನ್ನು ಕೊಟ್ಟಿದೆ ಎಂಬುದು ಇಲ್ಲಿಯವರಲ್ಲಿಯೇ ಅನೇಕರಿಗೆ ತಿಳಿಯದು. ಅವರು ಮೊರಿಟ್ಸ್ ಹೆನ್ಲೆ (1850–1925). ರೆನ್ನಿಂಗೆನ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿಯಲ್ಲಿ, ಉಲ್ಮ್ ನಗರದ ದಕ್ಷಿಣಕ್ಕಿರುವ ಲೌಪ್‌ಹೈಮ್ ಅವರ ಹುಟ್ಟೂರು.

ಈ ಲೇಖನದಲ್ಲಿ ಹೆನ್ಲೆ ಅವರ ಬದುಕನ್ನು ಸಂಕ್ಷೇಪವಾಗಿ ಹೇಳಿ, ಅವರ ಕೆಲಸದ ಮೌಲ್ಯವೇನು ಎಂಬ ಪ್ರಶ್ನೆಯನ್ನು ವಿಸ್ತಾರವಾಗಿ ನೋಡಲು ಯತ್ನಿಸಿದ್ದೇನೆ. ನಾನು ಸಂಗೀತ ವಿದ್ವಾಂಸನಲ್ಲ. ನಿವೃತ್ತ ವೈದ್ಯ, ಕರ್ನಾಟಕ ಸಂಗೀತದ ಕೇಳುಗ. ಆದರೂ ಈ ವಿಷಯ ನಮ್ಮ ಸಂಘದ ಸದಸ್ಯರಿಗೆ ಬಹಳ ಹತ್ತಿರದ್ದು ಎಂದು ನನ್ನ ನಂಬಿಕೆ. ಪರಭಾಷೆಯ ನಾಡಿನಲ್ಲಿ ಅಲ್ಪಸಂಖ್ಯಾತರಾಗಿ ಬದುಕುವವರು ತಮ್ಮ ಹಾಡಿನಲ್ಲಿ ಏನನ್ನು ಬದಲಿಸಬಹುದು, ಏನನ್ನು ಉಳಿಸಿಕೊಳ್ಳಬೇಕು ಎಂಬುದೇ ಹೆನ್ಲೆ ಅವರ ಮುಂದಿದ್ದ ಸಮಸ್ಯೆ. ನಮ್ಮ ಮುಂದಿರುವುದೂ ಅದೇ.

ಹಜ್ಜಾನ್ ಎಂದರೆ ಯಾರು?

ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಸಿನಗಾಗ್ ಎಂದು ಹೆಸರು. ಅಲ್ಲಿ ಧರ್ಮಶಾಸ್ತ್ರ ಹೇಳುವವರು ರಬ್ಬಿ. ಸಮುದಾಯದ ಪರವಾಗಿ ಪ್ರಾರ್ಥನೆಯನ್ನು ಹಾಡಿ ನಡೆಸುವವರು ಹಜ್ಜಾನ್. ಜರ್ಮನಿಯಲ್ಲಿ ಕ್ಯಾಂಟರ್ ಎನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಸರಿಸಮನಾದ ಹುದ್ದೆ ಇಲ್ಲ. ವೇದಪಾಠಿ, ಹರಿದಾಸ, ಭಜನೆಯ ಮುಂದಾಳು ಈ ಮೂವರನ್ನೂ ಒಬ್ಬರಲ್ಲೇ ಸೇರಿಸಿದರೆ ಹಜ್ಜಾನ್ ಆಗುತ್ತಾರೆ ಎನ್ನಬಹುದು. ಸಣ್ಣ ಊರುಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರೂ ಅವರೇ ಆಗಿರುತ್ತಿದ್ದರು.

ಹಜ್ಜಾನ್ ಹಾಡುವುದರಲ್ಲಿ ಎರಡು ಬಗೆ. ಮೊದಲನೆಯದು ಬೈಬಲ್ ಪಠನ. ಹೀಬ್ರೂ ಪಠ್ಯದ ಅಕ್ಷರಗಳ ಮೇಲೆ ಕೆಳಗೆ ತೆಅಮೀಮ್ ಎಂಬ ಚಿಹ್ನೆಗಳಿರುತ್ತವೆ. ತಿಬೇರಿಯಾಸ್ ನಗರದ ಪಂಡಿತರು ಸುಮಾರು 10ನೆಯ ಶತಮಾನದ ಹೊತ್ತಿಗೆ ಇವನ್ನು ಕ್ರಮಗೊಳಿಸಿದರು. ವೇದದ ಪುಸ್ತಕಗಳಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳ ಗುರುತು ಕಂಡವರಿಗೆ ಇದು ಹೊಸದೆನಿಸದು. ಎರಡನೆಯದು ಪ್ರಾರ್ಥನೆಯ ಗಾಯನ. ಇದಕ್ಕೆ ನುಸಾಹ್ ಎಂಬ ಪದ್ಧತಿಯಿದೆ: ಯಾವ ದಿನ, ಯಾವ ಹೊತ್ತಿನ ಪ್ರಾರ್ಥನೆಯೋ ಅದಕ್ಕೆ ತಕ್ಕ ಸ್ವರಗುಚ್ಛ, ಅದಕ್ಕೆ ತಕ್ಕ ಸಂಚಾರ. ತಾಳವಿಲ್ಲ. ಒಂದು ಉಸಿರಿಗೆ ಎಷ್ಟು ಮಾತು ಹಿಡಿಯುತ್ತದೋ ಅಷ್ಟೇ ಒಂದು ಸಾಲು. ಬರೆದಿಟ್ಟ ಮಟ್ಟಿಗಿಂತ ಇದು ನಮ್ಮ ಆಲಾಪನೆ, ಉಗಾಭೋಗಗಳಿಗೆ ಹತ್ತಿರ.

ಲೌಪ್‌ಹೈಮ್‌ನಿಂದ ಹ್ಯಾಂಬರ್ಗ್‌ಗೆ

ಹೆನ್ಲೆ ಹುಟ್ಟಿದ ಕಾಲದಲ್ಲಿ ಲೌಪ್‌ಹೈಮ್ ಚಿಕ್ಕ ಊರಾಗಿದ್ದರೂ ಅಲ್ಲಿನ ಯೆಹೂದಿ ಸಮುದಾಯ ದೊಡ್ಡದು. 1860ರ ದಶಕದ ಕೊನೆಗೆ ಎಂಟುನೂರಕ್ಕೂ ಹೆಚ್ಚು ಮಂದಿಯಿದ್ದು, ವ್ಯುರ್ಟೆಂಬರ್ಗ್ ರಾಜ್ಯದ ಅತಿ ದೊಡ್ಡ ಯೆಹೂದಿ ಸಮುದಾಯಗಳಲ್ಲಿ ಅದೂ ಒಂದಾಗಿತ್ತು. ಹಾಲಿವುಡ್‌ನ ಯೂನಿವರ್ಸಲ್ ಚಿತ್ರಸಂಸ್ಥೆ ಕಟ್ಟಿದ ಕಾರ್ಲ್ ಲೆಮ್ಲೆ 1867ರಲ್ಲಿ ಹುಟ್ಟಿದ್ದು ಇಲ್ಲಿಯೇ. ಈ ರಾಜ್ಯದಲ್ಲಿ ಯೆಹೂದಿಗಳಿಗೆ ಸಮಾನ ನಾಗರಿಕ ಹಕ್ಕು ಸಿಕ್ಕಿದ್ದು 1864ರಲ್ಲಿ, ಹೆನ್ಲೆ ಹದಿನಾಲ್ಕರ ಹುಡುಗನಾಗಿದ್ದಾಗ. ಅಂದರೆ ಅವರ ತಲೆಮಾರು ಬಾಗಿಲು ಆಗತಾನೇ ತೆರೆದುಕೊಂಡದ್ದನ್ನು ಕಂಡ ತಲೆಮಾರು.

ಹೆನ್ಲೆ ಚಿಕ್ಕಂದಿನಲ್ಲಿ ಪಿಟೀಲು, ಪಿಯಾನೋ ಕಲಿತು, ಸ್ಟುಟ್‌ಗಾರ್ಟ್‌ನಲ್ಲಿ ಸಂಗೀತಾಭ್ಯಾಸ ಮಾಡಿದರು. ಹುಟ್ಟೂರಿನಲ್ಲಿ ಕೆಲಕಾಲ ಶಿಕ್ಷಕರಾಗಿದ್ದು, ನಂತರ ಉಲ್ಮ್‌ನಲ್ಲಿ ಹಜ್ಜಾನ್ ಆದರು. 1879ರಲ್ಲಿ ಹ್ಯಾಂಬರ್ಗ್‌ನ ಹೊಸ ಇಸ್ರೇಲಿ ಟೆಂಪಲ್‌ನ ಹಜ್ಜಾನ್ ಹುದ್ದೆ ಅವರಿಗೆ ದೊರೆಯಿತು. 1913ರಲ್ಲಿ ನಿವೃತ್ತರಾಗುವವರೆಗೆ, ಮೂವತ್ತನಾಲ್ಕು ವರ್ಷ, ಅಲ್ಲಿಯೇ ಹಾಡಿದರು. ಹಜ್ಜಾನ್, ಗಾಯಕವೃಂದ ಮತ್ತು ಆರ್ಗನ್ ವಾದ್ಯಕ್ಕಾಗಿ ಪ್ರಾರ್ಥನಾ ಸಂಗೀತ ರಚಿಸಿ ಪ್ರಕಟಿಸಿದರು. 1925ರಲ್ಲಿ ಹ್ಯಾಂಬರ್ಗ್‌ನಲ್ಲೇ ತೀರಿಕೊಂಡರು. ಹೊರಗಿನಿಂದ ನೋಡಿದರೆ ಗದ್ದಲವಿಲ್ಲದ ಬದುಕು. ಅದರ ಒಳಗಿನ ಮುಖ್ಯ ಕೆಲಸ ಅರ್ಥವಾಗಬೇಕಾದರೆ ಹ್ಯಾಂಬರ್ಗ್ ಟೆಂಪಲ್‌ನ ಹಿನ್ನೆಲೆ ತಿಳಿದಿರಬೇಕು.

ಸುಧಾರಣೆಯ ಸಂಗೀತ

19ನೆಯ ಶತಮಾನದ ಆರಂಭದಲ್ಲಿ ಜರ್ಮನ್ ಯೆಹೂದಿಗಳಲ್ಲಿ ಸುಧಾರಣಾ ಚಳವಳಿ ಹುಟ್ಟಿತು. ನೆರೆಯ ಕ್ರೈಸ್ತರ ಕಣ್ಣಿಗೆ ಸಿನಗಾಗ್‌ನ ಪ್ರಾರ್ಥನೆ ಗಲಿಬಿಲಿಯಾಗಿ, ಕೂಗಾಟವಾಗಿ ಕಾಣುತ್ತದೆ ಎಂಬ ಸಂಕೋಚ ಅದರ ಹಿಂದಿನ ಒಂದು ಕಾರಣ. 1810ರಲ್ಲಿ ಝೇಸೆನ್ ಎಂಬ ಊರಿನಲ್ಲಿ ಇಸ್ರೇಲ್ ಯಾಕೊಬ್ಸನ್ ಆರ್ಗನ್ ಸಮೇತ ಒಂದು ಪ್ರಾರ್ಥನಾ ಮಂದಿರ ತೆರೆದು, ಜರ್ಮನ್ ಭಾಷೆಯ ಸ್ತುತಿಗೀತೆಗಳನ್ನು ತಂದರು. ಬೈಬಲ್ಲನ್ನು ಹಳೆಯ ಸ್ವರದಲ್ಲಿ ಪಠಿಸುವ ಪದ್ಧತಿಯನ್ನು ಕೈಬಿಟ್ಟರು. ಅದೇ ಹಾದಿಯಲ್ಲಿ 1818ರ ಅಕ್ಟೋಬರ್ 18ರಂದು ಹ್ಯಾಂಬರ್ಗ್ ಟೆಂಪಲ್ ಉದ್ಘಾಟನೆಯಾಯಿತು. ಅಲ್ಲಿನ ಜರ್ಮನ್ ಸ್ತುತಿಗೀತೆಗಳಿಗೆ ರಾಗ ಕಟ್ಟಿದವರಲ್ಲಿ ಕ್ರೈಸ್ತ ಸಂಗೀತಗಾರರೂ ಇದ್ದರು. ಸಂಪ್ರದಾಯಸ್ಥ ರಬ್ಬಿಗಳು ಇದನ್ನು ತೀವ್ರವಾಗಿ ಖಂಡಿಸಿದರು. ಶಬ್ಬಾತ್ ದಿನ ವಾದ್ಯ ನುಡಿಸುವುದು ನಿಷಿದ್ಧ, ಜೆರುಸಲೇಮಿನ ದೇವಾಲಯ ನಾಶವಾದ ದುಃಖದಲ್ಲಿರುವವರಿಗೆ ವಾದ್ಯ ಸಲ್ಲದು, ಆರ್ಗನ್ ಚರ್ಚಿನ ಅನುಕರಣೆ ಎಂಬುವು ಅವರ ವಾದಗಳು.

ಈ ಎರಡು ತುದಿಗಳ ನಡುವೆ ದಾರಿ ಹುಡುಕಿದವರು ಇಬ್ಬರು. ಸಾಲೊಮೊನ್ ಸುಲ್ಟ್ಸರ್ (1804–1890) ಕಾನ್‌ಸ್ಟನ್ಸ್ ಸರೋವರದ ಬಳಿಯ ಹೊಹೆನೆಮ್ಸ್‌ನಲ್ಲಿ ಹುಟ್ಟಿ, 1826ರಿಂದ ವಿಯೆನ್ನಾದಲ್ಲಿ ಹಾಡಿದವರು. ಅವರ ಧ್ವನಿಗೆ ಫ್ರಾನ್ಸ್ ಲಿಸ್ಟ್ ಮನಸೋತಿದ್ದರು. ಶೂಬರ್ಟ್ 1828ರಲ್ಲಿ, ತಾವು ಸಾಯುವ ವರ್ಷ, 92ನೆಯ ಕೀರ್ತನೆಯನ್ನು ಹೀಬ್ರೂ ಪಠ್ಯದಲ್ಲೇ ಸುಲ್ಟ್ಸರ್‌ಗಾಗಿ ಸಂಯೋಜಿಸಿದರು. ಹಳೆಯ ರಾಗಗಳ ಮೇಲೆ ಕೂತ ಧೂಳು ಒರೆಸಿ, ನಾಲ್ಕು ಧ್ವನಿಗಳ ವೃಂದಕ್ಕೆ ಹೊಂದಿಸುವುದು ಸುಲ್ಟ್ಸರ್ ಅವರ ಗುರಿ. 1840ರ 'ಶಿರ್ ಝಿಯೋನ್' ಸಂಗ್ರಹ ಅದರ ಫಲ. ಎರಡನೆಯವರು ಬರ್ಲಿನ್‌ನ ಲೂಯಿಸ್ ಲೆವಾಂಡೊವ್‌ಸ್ಕಿ (1821–1894). ಅವರು ಹಜ್ಜಾನ್ ಅಲ್ಲ, ವೃಂದದ ನಿರ್ದೇಶಕರು. 1866ರಲ್ಲಿ ಆರಂಭವಾದ ಬರ್ಲಿನ್‌ನ ಹೊಸ ಸಿನಗಾಗ್‌ನ ದೊಡ್ಡ ಆರ್ಗನ್‌ಗೂ ವೃಂದಕ್ಕೂ ಅವರು ಬರೆದ ಸಂಗೀತ ಇಂದಿಗೂ ಜೀವಂತ. 1871ರಲ್ಲಿ ಅವರು ಪ್ರಕಟಿಸಿದ 'ಕೋಲ್ ರಿನ್ನಾ' ದೊಡ್ಡ ವೃಂದವಿಲ್ಲದ ಸಣ್ಣ ಊರುಗಳಿಗೆ ಉಪಯುಕ್ತವಾಗುವಂತೆ ಒಂದು ಅಥವಾ ಎರಡು ಧ್ವನಿಗಳಿಗೆ ಬರೆದದ್ದು.

ಹೆನ್ಲೆ ಈ ಇಬ್ಬರ ನಂತರದ ತಲೆಮಾರಿನವರು.

ಉಚ್ಚಾರದ ಪ್ರಶ್ನೆ

ಹ್ಯಾಂಬರ್ಗ್ ಟೆಂಪಲ್‌ಗೆ ಒಂದು ವಿಶೇಷವಿತ್ತು. ಸ್ಪೇನ್, ಪೋರ್ಚುಗಲ್‌ಗಳಿಂದ ಓಡಿಸಲ್ಪಟ್ಟ ಸೆಫಾರ್ದಿ ಯೆಹೂದಿಗಳ ಹೀಬ್ರೂ ಒಂದು ಬಗೆ. ಜರ್ಮನಿ, ಪೋಲೆಂಡ್ ಕಡೆಯ ಅಶ್ಕೆನಾಜಿ ಯೆಹೂದಿಗಳದು ಇನ್ನೊಂದು ಬಗೆ. ಪವಿತ್ರ ವಾರದ ದಿನವನ್ನು ಸೆಫಾರ್ದಿಗಳು 'ಶಬ್ಬಾತ್' ಎಂದರೆ ಅಶ್ಕೆನಾಜಿಗಳು 'ಶಬ್ಬೊಸ್' ಎನ್ನುತ್ತಾರೆ. ಕೆಲವು ಕಡೆ 'ತ' ಇದ್ದದ್ದು 'ಸ' ಆಗುತ್ತದೆ, 'ಆ' ಇದ್ದದ್ದು 'ಓ' ಕಡೆಗೆ ಸರಿಯುತ್ತದೆ, ಒತ್ತು ಪದದ ಕೊನೆಯಿಂದ ಹಿಂದಕ್ಕೆ ಬರುತ್ತದೆ. ನಮ್ಮ 'ಪಾಲು' 'ಹಾಲು' ಆಗಿ, ಕೆಲವರ ಬಾಯಲ್ಲಿ 'ಆಲು' ಆದಂತೆ.

ಟೆಂಪಲ್ ಸದಸ್ಯರಲ್ಲಿ ಹೆಚ್ಚಿನವರು ಅಶ್ಕೆನಾಜಿಗಳೇ. ಆದರೂ 1818ರಲ್ಲಿ ಸುಧಾರಕರು ಪ್ರಾರ್ಥನೆಗೆ ಸೆಫಾರ್ದಿ ಉಚ್ಚಾರವನ್ನೂ, ಹ್ಯಾಂಬರ್ಗ್‌ನ ಪೋರ್ಚುಗೀಸ್ ಯೆಹೂದಿಗಳ ಧಾಟಿಗಳನ್ನೂ ಆರಿಸಿಕೊಂಡರು. ಸೆಫಾರ್ದಿ ಉಚ್ಚಾರ ಹೆಚ್ಚು ಶುದ್ಧ ಎಂದು ಆ ಕಾಲದ ಪಂಡಿತರು ನಂಬಿದ್ದರು. ಪೋರ್ಚುಗೀಸ್ ಯೆಹೂದಿಗಳು ಹಳೆಯ ವರ್ತಕ ಮನೆತನದವರು, ಘನತೆಯುಳ್ಳವರು ಎಂಬ ಭಾವನೆಯೂ ಇತ್ತು. ತಮ್ಮ ಅಜ್ಜಿಯರ ಉಚ್ಚಾರ ಹಳ್ಳಿಯದು, ಅದನ್ನು ಪೂಜಾಸ್ಥಳದಲ್ಲಿ ಆಡಬಾರದು ಎಂದು ಒಂದು ಸಮುದಾಯವೇ ತೀರ್ಮಾನಿಸಿದಂತಾಯಿತು.

ಹೆನ್ಲೆ ಬಂದ ಮೇಲೆ ಇದು ಬದಲಾಯಿತು. ಅವರ ಕಾಲದಲ್ಲಿ ಟೆಂಪಲ್‌ನಲ್ಲಿ ಅಶ್ಕೆನಾಜಿ ಉಚ್ಚಾರ ಮರಳಿತು. ಪೋರ್ಚುಗೀಸ್ ಧಾಟಿಗಳ ಜಾಗಕ್ಕೆ ಅಶ್ಕೆನಾಜಿ ಧಾಟಿಗಳು ಬಂದವು. ಆರ್ಗನ್ ಹೋಗಲಿಲ್ಲ, ವೃಂದ ಹೋಗಲಿಲ್ಲ. ಸುಧಾರಣೆಯ ಹೊರ ಉಡುಪು ಹಾಗೆಯೇ ಉಳಿದು, ಒಳಗಿನ ಮಾತು ಮನೆಯದಾಯಿತು. ಯೆಹೂದಿ ಸಂಗೀತದ ಮಹಾನ್ ಸಂಗ್ರಾಹಕ ಅಬ್ರಹಾಂ ಝ್ವಿ ಇಡೆಲ್‌ಸೋನ್ 1929ರ ತಮ್ಮ ಇತಿಹಾಸ ಗ್ರಂಥದಲ್ಲಿ ಈ ಬದಲಾವಣೆಯನ್ನು ದಾಖಲಿಸಿದ್ದಾರೆ.

ಇದರ ಎದುರು ವಾದವೂ ಇದೆ. 1818ರಿಂದ 1879ರವರೆಗೆ ಅರವತ್ತೊಂದು ವರ್ಷ. ಎರಡು ತಲೆಮಾರಿನ ಮಕ್ಕಳು ಟೆಂಪಲ್‌ನಲ್ಲಿ ಆ ಪೋರ್ಚುಗೀಸ್ ಧಾಟಿಗಳನ್ನು ಕೇಳಿಯೇ ಬೆಳೆದಿದ್ದರು. ಅವರ ಪಾಲಿಗೆ ಅದೇ ಸಂಪ್ರದಾಯವಲ್ಲವೇ? ಇನ್ನೊಂದು ಮಾತು: ಇಂದು ಇಸ್ರೇಲಿನ ಹೀಬ್ರೂ ಉಚ್ಚಾರ ಸೆಫಾರ್ದಿಗೆ ಹತ್ತಿರ, ಜಗತ್ತಿನ ಬಹುಪಾಲು ಸುಧಾರಣಾವಾದಿ ಸಿನಗಾಗ್‌ಗಳೂ ಅದನ್ನೇ ಅನುಸರಿಸುತ್ತವೆ. ಹಾಗೆ ನೋಡಿದರೆ ಇತಿಹಾಸ ಹೆನ್ಲೆ ಅವರ ಪರವಾಗಿ ನಿಲ್ಲಲಿಲ್ಲ.

ಈ ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ 1818ರ ಆಯ್ಕೆಗೂ 1879ರ ಆಯ್ಕೆಗೂ ಒಂದು ವ್ಯತ್ಯಾಸವಿದೆ. ಮೊದಲನೆಯದು 'ಯಾವುದು ಶುದ್ಧ?' ಎಂದು ಕೇಳಿತು. ಎರಡನೆಯದು 'ಯಾವುದು ನಮ್ಮದು?' ಎಂದು ಕೇಳಿತು. ಮನೆಯ ಹಬ್ಬದೂಟದ ಮೇಜಿನ ಮುಂದೆ ಒಂದು ಉಚ್ಚಾರ, ದೇವರ ಮುಂದೆ ಇನ್ನೊಂದು ಉಚ್ಚಾರ ಎಂದಾದಾಗ ಜನ ಪ್ರಾರ್ಥನೆಯಲ್ಲಿ ಭಾಗಿಗಳಾಗುವ ಬದಲು ಶ್ರೋತೃಗಳಾಗುತ್ತಾರೆ. ಆ ಬಿರುಕು ಮುಚ್ಚಿದ್ದು ಹೆನ್ಲೆ ಕಾಲದ ನಿಜವಾದ ಸಾಧನೆ.

ರಾಗವೂ ಹಾರ್ಮನಿಯೂ

ಇನ್ನು ಸಂಗೀತದ ಗುಣದೋಷ. ಅಶ್ಕೆನಾಜಿ ಪ್ರಾರ್ಥನೆಯ ಮುಖ್ಯ ಸ್ವರಪದ್ಧತಿಗಳನ್ನು ನಮ್ಮ ಮೇಳಕರ್ತಗಳೊಂದಿಗೆ ಹೋಲಿಸಿದರೆ ನಮ್ಮ ಓದುಗರಿಗೆ ಬೇಗ ತಿಳಿಯುತ್ತದೆ. 'ಅಹವಾ ರಬ್ಬಾ' ಎಂಬುದರ ಸ್ವರಗಳು 14ನೆಯ ಮೇಳ ವಕುಳಾಭರಣದವು. ಹಿಂದೂಸ್ತಾನಿಯಲ್ಲಿ ಬಸಂತ್ ಮುಖಾರಿ. 'ಅದೋನಾಯ್ ಮಲಾಖ್' ಹರಿಕಾಂಬೋಜಿಗೆ ಹತ್ತಿರ. 'ಮಾಗೇನ್ ಅವೋತ್' ನಠಭೈರವಿಗೆ ಹತ್ತಿರ. ಸಂಬಂಧವಿದೆ ಎಂದಲ್ಲ, ಹೋಲಿಕೆ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಇಂಥ ಗಾಯನಕ್ಕೆ ಆರ್ಗನ್‌ನ ಹಾರ್ಮನಿ ಕೂಡಿಸಿದಾಗ ಏನಾಗುತ್ತದೆ? ಅಹವಾ ರಬ್ಬಾದಲ್ಲಿ ಹಾಡುವವರ ಷಡ್ಜ ಎಲ್ಲಿದೆಯೋ ಅಲ್ಲಿ ಪಾಶ್ಚಾತ್ಯ ಕಿವಿಗೆ ಪಂಚಮ ಕೇಳಿಸುತ್ತದೆ. ಕೀರವಾಣಿಯ ಪಂಚಮವನ್ನು ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿದರೆ ವಕುಳಾಭರಣ ಬರುತ್ತದೆ ಎಂದು ಸಂಗೀತ ಕಲಿತವರಿಗೆ ಗೊತ್ತು. ಪಾಶ್ಚಾತ್ಯ ಹಾರ್ಮನಿಗೆ ಪರಿಚಿತವಾದದ್ದು ಕೀರವಾಣಿಯ ಸ್ವರಗಳಿರುವ ಅವರ 'ಮೈನರ್' ಸ್ಥಾಯಿ. ಹಾಗಾಗಿ ಹಜ್ಜಾನ್ ತನ್ನ ಷಡ್ಜಕ್ಕೆ ಬಂದು ನಿಂತಾಗ, ಹಾರ್ಮನಿಗೆ ಅದು ದಾರಿಯ ನಡುವಿನ ತಾಣ. ಇನ್ನೊಂದು ಹೆಜ್ಜೆ ಮುಂದೆ ಹೋಗಿ 'ಮನೆ' ಸೇರೋಣ ಎಂದು ಅದು ಎಳೆಯುತ್ತದೆ. ರಾಗದ ಮನೆ ಒಂದು ಕಡೆ, ಹಾರ್ಮನಿಯ ಮನೆ ಇನ್ನೊಂದು ಕಡೆ.

ಎರಡನೆಯ ತೊಂದರೆ ಉಸಿರಿನದು. ನುಸಾಹ್‌ನ ಅಳತೆ ಹಾಡುಗಾರನ ಉಸಿರು. ನಾಲ್ಕು ಧ್ವನಿಗಳ ವೃಂದ ಒಟ್ಟಿಗೆ ಹಾಡಬೇಕಾದರೆ ಸಮ ಅಳತೆಯ ತಾಳ ಬೇಕು. ಉಗಾಭೋಗಕ್ಕೆ ಆದಿತಾಳ ಹಾಕಿದಂತೆ. ಸುಲ್ಟ್ಸರ್ ಅವರ ಮೊದಲ ಸಂಗ್ರಹದಲ್ಲಿ ಈ ಕಟ್ಟುನಿಟ್ಟು ಹೆಚ್ಚು. 1860ರ ದಶಕದಲ್ಲಿ ಬಂದ ಎರಡನೆಯ ಸಂಪುಟದಲ್ಲಿ ಅವರು ಹಳೆಯ ಧಾಟಿಗಳಿಗೆ ಹೆಚ್ಚು ಮನ್ನಣೆ ಕೊಟ್ಟರು. ಲೆವಾಂಡೊವ್‌ಸ್ಕಿ ಕೆಲಸ ಹಂಚಿದರು: ಹಜ್ಜಾನ್‌ಗೆ ಬಿಡಿಯಾದ, ಮಾತಿನ ಲಯದ ಸಾಲುಗಳು, ವೃಂದಕ್ಕೆ ಮೆಂಡೆಲ್‌ಸೋನ್ ಶೈಲಿಯ ತುಂಬು ಉತ್ತರ. ಅವರ 'ತ್ಸದ್ದೀಕ್ ಕತಾಮಾರ್' ಕೇಳಿದವರಿಗೆ ಚರ್ಚಿನಲ್ಲಿ ಕೂತ ಅನುಭವವಾದರೂ ಆಶ್ಚರ್ಯವಿಲ್ಲ. ಅದರ ಸೌಂದರ್ಯವನ್ನಂತೂ ಅಲ್ಲಗಳೆಯಲಾಗದು.

ಹೆನ್ಲೆ ಸಂಯೋಜಕರಾಗಿ ಈ ಇಬ್ಬರಷ್ಟು ಎತ್ತರದವರಲ್ಲ ಎಂದು ಒಪ್ಪಬೇಕು. ಇವರು ಹಾಕಿದ ಚೌಕಟ್ಟಿನೊಳಗೇ ಅವರು ಕೆಲಸ ಮಾಡಿದರು, ಹಾರ್ಮನಿಯ ಸಮಸ್ಯೆಗೆ ಹೊಸ ಪರಿಹಾರ ಕೊಡಲಿಲ್ಲ. ಅವರ ಹಿರಿಮೆ ಇರುವುದು ವಿವೇಚನೆಯಲ್ಲಿ. ರಾಗ-ತಾಳಗಳಲ್ಲಿ ಎಷ್ಟೋ ಒಪ್ಪಂದ ಮಾಡಿಕೊಂಡ ಮಂದಿರದಲ್ಲಿ ಪದದ ಉಚ್ಚಾರ ಮತ್ತು ಧಾಟಿಯಲ್ಲಿ ಒಪ್ಪಂದ ಬೇಡ ಎಂದರು. ಸಂಗೀತ ವಿಮರ್ಶೆ ಸಾಮಾನ್ಯವಾಗಿ ಕೃತಿಗಳನ್ನು ಮಾತ್ರ ತೂಗುತ್ತದೆ. ಇಂಥ ತೀರ್ಮಾನಗಳನ್ನು ತೂಗುವ ತಕ್ಕಡಿ ಅದರಲ್ಲಿಲ್ಲ. ಹೆನ್ಲೆ ಹೆಸರು ಮರೆಯಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ವೈದ್ಯನೊಬ್ಬನ ಟಿಪ್ಪಣಿ

ಹೆನ್ಲೆ ಅವರ ತೀರ್ಮಾನ ಸರಿಯೆಂದು ನನಗೆ ಅನಿಸುವುದು ನನ್ನ ವೃತ್ತಿಯ ಅನುಭವದಿಂದ. ಮರೆವಿನ ಕಾಯಿಲೆಯ ವೃದ್ಧರನ್ನು ಹಲವು ವರ್ಷ ನೋಡಿಕೊಂಡಿದ್ದೇನೆ. ಮಕ್ಕಳ ಹೆಸರು ಮರೆತವರು, ಊಟ ಮಾಡಿದ್ದು ಮರೆತವರು ಬಾಲ್ಯದ ಹಾಡನ್ನು ಮಾತ್ರ ಮೊದಲಿನಿಂದ ಕೊನೆಯವರೆಗೆ ಹಾಡುತ್ತಾರೆ. ಇದು ವೈದ್ಯಶಾಸ್ತ್ರಕ್ಕೆ ಪರಿಚಿತ ಸಂಗತಿ. ನಾನು ಗಮನಿಸಿದ ಇನ್ನೊಂದು ವಿಷಯ ಉಚ್ಚಾರದ್ದು. ಜೀವಮಾನವಿಡೀ ಕಚೇರಿಯಲ್ಲಿ ಶಿಷ್ಟ ಜರ್ಮನ್ ಆಡಿದವರು ಆ ಹಾಡಿನಲ್ಲಿ ಅಪ್ಪಟ ಸ್ವಾಬಿಯನ್ ಆಡುಮಾತಿಗೆ ಮರಳುತ್ತಾರೆ. ಹಾಡೂ ಅದರ ನಾಲಿಗೆಯೂ ಒಟ್ಟಿಗೇ ಉಳಿದಂತೆ ನನಗೆ ಕಂಡಿದೆ.

1938ರ ನಂತರ

ಹೆನ್ಲೆ ತೀರಿಕೊಂಡ ಹದಿಮೂರು ವರ್ಷಗಳಲ್ಲಿ ಅವರ ಲೋಕವೇ ಇಲ್ಲವಾಯಿತು. 1938ರ ನವೆಂಬರ್‌ನಲ್ಲಿ ಲೌಪ್‌ಹೈಮ್ ಸಿನಗಾಗ್ ಸುಟ್ಟುಹೋಯಿತು. ನಮ್ಮ ಸ್ಟುಟ್‌ಗಾರ್ಟ್‌ನ ಹಾಸ್ಪಿಟಾಲ್ ಬೀದಿಯಲ್ಲಿ 1861ರಲ್ಲಿ ಕಟ್ಟಿದ ಸಿನಗಾಗ್‌ಗೂ ಅದೇ ಗತಿ. ಅದೇ ವರ್ಷ ಯೆಹೂದಿ ವೈದ್ಯರ ಪರವಾನಗಿಗಳನ್ನೆಲ್ಲ ರದ್ದುಗೊಳಿಸಲಾಯಿತು. ಲೌಪ್‌ಹೈಮ್‌ನಲ್ಲೇ ಹುಟ್ಟಿದ ವೈದ್ಯೆ ಹೆರ್ಟಾ ನಾಟೋರ್ಫ್ ಕೆಲಸ ಕಳೆದುಕೊಂಡು ಅಮೆರಿಕಕ್ಕೆ ಹೋಗಬೇಕಾಯಿತು. ರೆನ್ನಿಂಗೆನ್‌ನ ನೆರೆಯ ಲಿಯೊನ್‌ಬರ್ಗ್‌ನಲ್ಲಿ 1944ರಿಂದ ಯಾತನಾಶಿಬಿರವಿತ್ತು. ಅದರ ಕೈದಿಗಳು ಎಂಗೆಲ್‌ಬರ್ಗ್ ಸುರಂಗದಲ್ಲಿ ವಿಮಾನದ ರೆಕ್ಕೆ ತಯಾರಿಸಬೇಕಿತ್ತು. ಹೆನ್ಲೆ ಹಾಡಿದ ಹ್ಯಾಂಬರ್ಗ್‌ನ ಪೂಲ್ ಬೀದಿಯ ಟೆಂಪಲ್ ಕಟ್ಟಡ 1944ರ ಬಾಂಬ್ ದಾಳಿಯಲ್ಲಿ ಒಡೆದುಹೋಯಿತು. ಅವಶೇಷ ಈಗಲೂ ಇದೆ. 1931ರಲ್ಲಿ ಕಟ್ಟಿದ ಅದರ ಉತ್ತರಾಧಿಕಾರಿ ಕಟ್ಟಡ ಈಗ ರೇಡಿಯೋ ಸಂಸ್ಥೆಯ ಸಂಗೀತ ಸಭಾಂಗಣ.

ಈ ಸಂಗೀತ ಉಳಿದದ್ದು ಓಡಿಹೋದವರ ಪೆಟ್ಟಿಗೆಯಲ್ಲಿ ಮತ್ತು ಗಂಟಲಿನಲ್ಲಿ. ಸುಲ್ಟ್ಸರ್ ಅವರ ಧಾಟಿಗಳು ಇಂದು ಅಮೆರಿಕದ ಸಿನಗಾಗ್‌ಗಳಲ್ಲಿ ಅವರ ಹೆಸರೇ ತಿಳಿಯದವರ ಬಾಯಲ್ಲಿವೆ. ಬರ್ಲಿನ್‌ನಲ್ಲಿ 2011ರಿಂದ ಲೆವಾಂಡೊವ್‌ಸ್ಕಿ ಹೆಸರಿನ ಉತ್ಸವ ನಡೆಯುತ್ತಿದೆ. ಹಾನೋವರ್‌ನ ವಿಲ್ಲಾ ಝೆಲಿಗ್‌ಮನ್ ಯೆಹೂದಿ ಸಂಗೀತಕ್ಕೆ ಮೀಸಲಾದ ಮನೆ. ಲೌಪ್‌ಹೈಮ್‌ನ ಅರಮನೆಯಲ್ಲಿ ಕ್ರೈಸ್ತರ ಮತ್ತು ಯೆಹೂದಿಗಳ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಮಕ್ಕಳೊಂದಿಗೆ ಒಂದು ದಿನದ ಪ್ರವಾಸಕ್ಕೆ ತಕ್ಕ ಜಾಗ.

ನಮಗೇನು?

ಯೆಹೂದಿಗಳು ಅನುಭವಿಸಿದ್ದಕ್ಕೂ ನಮ್ಮ ಸುಖದ ವಲಸೆಗೂ ಹೋಲಿಕೆಯಿಲ್ಲ. ಆ ಹೋಲಿಕೆ ಮಾಡುವುದು ತಪ್ಪು. ಆದರೆ ಹೆನ್ಲೆ ಎದುರಿಸಿದ ಪ್ರಶ್ನೆ ನಮ್ಮ ಪ್ರತಿ ಯುಗಾದಿ, ರಾಜ್ಯೋತ್ಸವ ಕಾರ್ಯಕ್ರಮದಲ್ಲೂ ಏಳುತ್ತದೆ. ದಾಸರಪದಕ್ಕೆ ಕೀಬೋರ್ಡ್ ಕಾರ್ಡ್‌ಗಳು ಬಂದಿವೆ, ಗಿಟಾರ್ ಬಂದಿದೆ. ಇದನ್ನು ನೋಡಿ ಹಿರಿಯರು ಬೇಸರಪಡುತ್ತಾರೆ. ಅದೇ ಹಿರಿಯರು ಕುಂದಾಪುರದ ಮಗು 'ಬತ್ತೆ' ಎಂದರೆ, ಧಾರವಾಡದ ಮಗು ತನ್ನ ಮನೆಯ ಧಾಟಿಯಲ್ಲಿ ಮಾತಾಡಿದರೆ 'ಶುದ್ಧ ಕನ್ನಡದಲ್ಲಿ ಹೇಳು' ಎಂದು ತಿದ್ದುತ್ತಾರೆ. ಹೆನ್ಲೆ ಅವರ ಉದಾಹರಣೆ ಇದಕ್ಕೆ ವಿರುದ್ಧ. ವಾದ್ಯ ಬದಲಾದರೆ ಬದಲಾಗಲಿ, ಅಜ್ಜಿಯ ಉಚ್ಚಾರ ಬಿಡಬೇಡಿ ಎನ್ನುತ್ತದೆ ಅದು. ಪುಸ್ತಕದ ಕನ್ನಡವನ್ನು ಮಕ್ಕಳು ಎಲ್ಲಿಯಾದರೂ ಕಲಿಯಬಹುದು. ಹವ್ಯಕ, ಅರೆಭಾಷೆ, ಕಲಬುರಗಿ, ಚಾಮರಾಜನಗರದ ನುಡಿ ಅವರಿಗೆ ಸಿಗುವುದು ಮನೆಯಲ್ಲಿ ಮಾತ್ರ.

ಆದ್ದರಿಂದ ನನ್ನದೊಂದು ಸಲಹೆ. ಬೇಸಿಗೆಯಲ್ಲಿ ಊರಿನಿಂದ ನಮ್ಮ ತಂದೆತಾಯಿಯರು ಮೂರು ತಿಂಗಳ ವೀಸಾದ ಮೇಲೆ ಬರುತ್ತಾರೆ. ಅವರಲ್ಲಿ ಅನೇಕರಿಗೆ ಸೋಬಾನೆ, ಲಾಲಿ, ಬೀಸುಕಲ್ಲಿನ ಪದ, ಸಂಪ್ರದಾಯದ ಹಾಡುಗಳು ಬಾಯಿಗೆ ಬರುತ್ತವೆ. ಸಂಘದ ವತಿಯಿಂದ ಅವನ್ನು ಧ್ವನಿಮುದ್ರಿಸಿ ಇಡೋಣ. ತಿದ್ದುವುದು ಬೇಡ, ಶ್ರುತಿ ಹೊಂದಿಸುವುದು ಬೇಡ, ಹಿನ್ನೆಲೆ ವಾದ್ಯವೂ ಬೇಡ. ಹಾಡಿದವರ ಊರಿನ ಹೆಸರು, ಯಾರಿಂದ ಕಲಿತರು ಎಂಬಷ್ಟು ಬರೆದರೆ ಸಾಕು. ಕಾರ್ಡ್ ಸೇರಿಸುವ ಮಕ್ಕಳು ಮುಂದೆ ಸೇರಿಸಿಕೊಳ್ಳಲಿ. ಸೇರಿಸಿಕೊಳ್ಳಲು ಮೂಲವೊಂದು ಇರಬೇಕಲ್ಲ. ಈ ಬೇಸಿಗೆಯಲ್ಲೇ ಆರಂಭಿಸುವುದಾದರೆ ನನ್ನ ಮನೆಯ ಕೋಣೆಯೊಂದು ಖಾಲಿಯಿದೆ, ರೆನ್ನಿಂಗೆನ್ ರೈಲು ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರ.